ಸೂಸೈ ಕಾರಿನ ಬಲಗಡೆಯ ದೀಪ

ಗಾಡಿ ಓಡಿಸುವ ಅಣ್ಣಂದಿರೇ, ಗಾಡಿ ಮನೆ ಸೇರುವ ತನಕ ಬಾಗಿಲಲ್ಲಿ ನಿಂತು ಕಾಯುವ ಅಕ್ಕಂದಿರೇ, ಈ ಕಥೆ ನಿಮ್ಮಿಬ್ಬರಿಗೂ ಸೇರಿದ್ದು. ವಾಲ್ಪಾರೈ ಟ್ಯಾಕ್ಸಿ ಸ್ಟ್ಯಾಂಡಿನ ಮಯಿಲ್‌ಸಾಮಿಗೆ ಇದನ್ನು ತಾನೇ ಹೇಳಿಕೊಳ್ಳಲು ನಾಚಿಕೆ. "ನೀವೇ ಹೇಳಿ, ಆದ್ರೆ ನನ್ನನ್ನ ತೀರಾ ದಡ್ಡ ಅನ್ಬೇಡಿ" ಎಂದು ಒಪ್ಪಿಗೆ ಕೊಟ್ಟಿದ್ದಾನೆ. ದಡ್ಡ ಎನ್ನುವುದಿಲ್ಲ. ಹೊಟ್ಟೆಕಿಚ್ಚಿನವನು ಎನ್ನದೆ ಮಾತ್ರ ಗತ್ಯಂತರವಿಲ್ಲ.

ವಾಲ್ಪಾರೈಯಿಂದ ಕೆಳಗೆ ಪೊಳ್ಳಾಚಿಗೆ ನಲವತ್ತು ತಿರುವಿನ ಘಾಟಿ. ಅದರಲ್ಲಿ ಕವರ್‌ಕಲ್ ಎಸ್ಟೇಟಿನ ಹತ್ತಿರ ಎರಡು ಮೈಲಿ ಇದೆಯಲ್ಲ, ಅಲ್ಲಿ ಮಂಜಿಗೆ ಹೊತ್ತು ಗೊತ್ತು ಎಂಬುದಿಲ್ಲ. ಮಧ್ಯಾಹ್ನ ಮೂರಕ್ಕೂ ಬಂದು ರಸ್ತೆಯ ಮೇಲೆ ಕೂತುಬಿಡುತ್ತದೆ. ಆಗ ಡ್ರೈವರನಿಗೆ ದಾರಿ ಹೇಳುವುದು ಅಂಚಿನ ಬಿಳಿ ಗೆರೆ ಒಂದೇ. ಆ ಗೆರೆ ಕಾಣಬೇಕಾದರೆ ಗಾಡಿಯ ದೀಪ ಸರಿಯಿರಬೇಕು.

ಮಯಿಲ್‌ಸಾಮಿ ಇಪ್ಪತ್ತೆರಡು ವರ್ಷದಿಂದ ಆ ಘಾಟಿಯಲ್ಲಿ ಗಾಡಿ ಓಡಿಸುತ್ತಿದ್ದವನು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ತಂಗಮ್ಮಾಳ್ ಟೀಚರನ್ನು ಪೊಳ್ಳಾಚಿಗೆ ಕರೆದುಕೊಂಡು ಹೋಗುವುದು ಅವನ ಪಾಲಿನ ಕೆಲಸವಾಗಿತ್ತು. ಟೀಚರಿಗೆ ಕಿಡ್ನಿ ಕೈಕೊಟ್ಟಿತ್ತು. ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬೆಳಗಿನ ಐದಕ್ಕೆ ಹೊರಟರೆ ವಾಪಸ್ ಬರುವಾಗ ಸಂಜೆ. ಎಸ್ಟೇಟ್ ಶಾಲೆಯಲ್ಲಿ ಮಯಿಲ್‌ಸಾಮಿಗೆ ಮೂರನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟವರು, ಮಗ್ಗಿ ತಪ್ಪಿದರೆ ರೂಲುದೊಣ್ಣೆಯಲ್ಲಿ ಗೆಣ್ಣಿಗೆ ಬಾರಿಸುತ್ತಿದ್ದವರು ಇದೇ ಟೀಚರು. ಈಗ ಅವರು ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು "ನೀನಿದ್ದೀಯಲ್ಲ, ನಿದ್ದೆ ಮಾಡ್ತೀನಪ್ಪ" ಎನ್ನುವುದು ಅವನಿಗೆ ದೊಡ್ಡ ಪದವಿ. ಎರಡು ವರ್ಷ ಆ ಪದವಿಯನ್ನು ಯಾರೂ ಮುಟ್ಟಿರಲಿಲ್ಲ.

ಒಂದು ಶುಕ್ರವಾರ ಸಂಜೆ ವಾಪಸ್ ಬರುವಾಗ ಕವರ್‌ಕಲ್ ಮಂಜಿನಲ್ಲಿ ಅವನಿಗೆ ಬಿಳಿ ಗೆರೆ ತಪ್ಪಿಹೋಯಿತು. ಚಕ್ರ ಅಂಚಿನ ಮಣ್ಣಿಗೆ ಇಳಿದು ಗಾಡಿ ಕುಲುಕಿತು. ತಕ್ಷಣ ಎಳೆದು ರಸ್ತೆಗೆ ತಂದ, ಏನೂ ಆಗಲಿಲ್ಲ. ಟೀಚರ್ ಕಣ್ಣು ಬಿಟ್ಟರು. ಮನೆ ತಲುಪುವವರೆಗೂ ಮತ್ತೆ ಮುಚ್ಚಲಿಲ್ಲ. ಮಾರನೆಯ ದಿನ ಅವರೇ ಫೋನ್ ಮಾಡಿದರು.

"ಮಯಿಲ್‌ಸಾಮಿ, ಮಂಗಳವಾರ ಸೂಸೈ ಬರ್ತಾನಪ್ಪ. ನಿನ್ನ ಗಾಡಿ ದೀಪ ಮಂಕಾಗಿದೆ. ನನಗೆ ಭಯ ಆಗುತ್ತೆ. ಬೇಜಾರು ಮಾಡ್ಕೋಬೇಡ."

ಬೇಜಾರಾಗಲಿಲ್ಲ. ಹೊಟ್ಟೆಯೊಳಗೆ ಬೆಂಕಿ ಬಿತ್ತು.

ಬೇರೆ ಯಾರ ಹೆಸರು ಹೇಳಿದ್ದರೂ ಅವನು ಸಹಿಸುತ್ತಿದ್ದನೇನೋ. ಸೂಸೈ ಮಾಣಿಕ್ಯಂ ಸ್ಟ್ಯಾಂಡಿಗೆ ಬಂದು ನಾಲ್ಕು ವರ್ಷವಾಗಿತ್ತಷ್ಟೆ. ಇಬ್ಬರದೂ ಒಂದೇ ಮಾದರಿಯ ಬಿಳಿ ಕಾರು, ಒಂದೇ ವಯಸ್ಸಿನವು. ಆದರೂ ಸೂಸೈ ಕಾರು ದೀಪ ಹಾಕಿಕೊಂಡು ಬಂದರೆ ರಸ್ತೆ ಚಾಪೆ ಹಾಸಿದಂತೆ ಬಿಚ್ಚಿಕೊಳ್ಳುತ್ತಿತ್ತು. ಪ್ರವಾಸಿಗಳು ಬೆಳಗಿನ ಜಾವ ಇಳಿಯಬೇಕಾದರೆ "ಆ ಒಳ್ಳೆ ಲೈಟಿನ ಗಾಡಿ" ಎಂದೇ ಕೇಳುತ್ತಿದ್ದರು. ಹಾಗೆ ಕೇಳಿದಾಗಲೆಲ್ಲ ಮಯಿಲ್‌ಸಾಮಿ ತನ್ನ ಟೀ ಲೋಟದೊಳಗೆ ನೋಡುತ್ತ ಕೂರುತ್ತಿದ್ದ.

ತನ್ನ ದೀಪಗಳಿಗೆ ಅವನು ಮಾಡದ ಉಪಚಾರವೇ ಇರಲಿಲ್ಲ. ಪ್ರತಿ ಶುಕ್ರವಾರ ಬೆಳಗಿನ ಜಾವ, ಗಾಡಿ ಹೊರಡುವ ಮುಂಚೆ, ಹೆಂಡತಿ ಪೊನ್ನುತ್ತಾಯಿ ದೇವರ ಮನೆಯ ಹಿತ್ತಾಳೆ ದೀಪಗಳನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕುತ್ತಿದ್ದಳು. ಅದೇ ಕೈಯಲ್ಲಿ ಹೊರಗೆ ಬಂದು ಕಾರಿನ ಎರಡು ದೀಪಗಳನ್ನೂ ತಿಕ್ಕಿ ತೊಳೆಯುತ್ತಿದ್ದಳು. ಆಮೇಲೆ ಗಂಧ ತೇಯ್ದು ದಪ್ಪಗೆ ಮೆತ್ತಿ, ನಡುವೆ ಕುಂಕುಮದ ಬೊಟ್ಟಿಡುತ್ತಿದ್ದಳು. ಆ ಗಂಧ ದೀಪದ ಕಾವಿಗೆ ಒಣಗಿ ಅಂಟಿಕೊಂಡು ಮುಂದಿನ ಶುಕ್ರವಾರದ ತನಕ ಇರುತ್ತಿತ್ತು. ಆಗ ಮತ್ತೆ ಹುಣಸೆಹುಳಿ, ಮತ್ತೆ ಬೂದಿ. ಹನ್ನೊಂದು ವರ್ಷ ಒಂದು ಶುಕ್ರವಾರವೂ ತಪ್ಪಿರಲಿಲ್ಲ. ಸ್ಟ್ಯಾಂಡಿನಲ್ಲಿ ಮಯಿಲ್‌ಸಾಮಿ ಈ ಮಾತನ್ನು ಎತ್ತಿ ಸೂಸೈಯನ್ನು ಕೆಣಕುತ್ತಿದ್ದುದೂ ಉಂಟು. "ನಿನ್ನ ಗಾಡಿ ದೀಪಕ್ಕೆ ಒಂದು ಬೊಟ್ಟಾದ್ರೂ ಇದೆಯೇನಯ್ಯ? ಅನಾಥ ಮಕ್ಕಳ ಥರ ನಿಂತಿವೆ." ಸೂಸೈ ನಕ್ಕು ಸುಮ್ಮನಾಗುತ್ತಿದ್ದ. ಆ ನಗುವೂ ಮಯಿಲ್‌ಸಾಮಿಗೆ ಸೇರುತ್ತಿರಲಿಲ್ಲ.

ಟೀಚರ ಫೋನ್ ಬಂದ ದಿನವೇ ಅವನು ಕಾಜಾ ಭಾಯ್ ಅಂಗಡಿಗೆ ಹೋದ. ಕಾಜಾ ಮೊಯ್ದೀನ್ ಅಲ್ಲಿನ ಆಟೋ ಎಲೆಕ್ಟ್ರಿಷಿಯನ್. ಗಾಡಿಯ ವೈರು, ಬ್ಯಾಟರಿ, ದೀಪ ಎಲ್ಲ ಅವರ ಕೈಯಲ್ಲೇ. ಸೂಸೈ ಕಾರಿಗೆ ಅದೇನು ಬಲ್ಬು ಹಾಕಿದ್ದೀರಿ ಎಂದು ಮಯಿಲ್‌ಸಾಮಿ ಸುತ್ತು ಬಳಸಿ ಕೇಳಿದ. ಕಂಪನಿ ಕೊಟ್ಟಂಥದ್ದೇ ಮಾಮೂಲಿ ಬಲ್ಬು ಎಂದರು ಭಾಯ್. ಮಯಿಲ್‌ಸಾಮಿ ನಂಬಲಿಲ್ಲ.

"ಸಾಮಿ, ಬಲ್ಬು ಆಮೇಲೆ. ಮೊದ್ಲು ನಿನ್ನ ಗಾಡಿ ತಗೊಂಡು ಬಾ. ಬೆಳಕು ಎಲ್ಲಿ ಸೋರ್ತಾ ಇದೆ ನೋಡೋಣ," ಎಂದರು.

"ಬೆಳಕು ಸೋರೋಕೆ ಅದೇನು ನೀರಾ ಭಾಯ್? ಗುಟ್ಟು ಬಿಟ್ಟುಕೊಡೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಿ."

ಭಾಯ್ ಬೆಸುಗೆ ಹಾಕುತ್ತಿದ್ದ ವೈರಿನಿಂದ ತಲೆ ಎತ್ತಲಿಲ್ಲ. ಅವರೂ ಸೂಸೈ ಕಡೆ ಸೇರಿದ್ದಾರೆ ಎಂದು ಮಯಿಲ್‌ಸಾಮಿ ತೀರ್ಮಾನ ಮಾಡಿಕೊಂಡು ಎದ್ದು ಬಂದ. ಹೊಟ್ಟೆಕಿಚ್ಚು ಹತ್ತಿದವನಿಗೆ ಊರೆಲ್ಲ ಒಂದಾಗಿ ತನ್ನ ವಿರುದ್ಧ ನಿಂತಂತೆ ಕಾಣುವುದು ಹೊಸದೇನಲ್ಲ.

ಮಾರನೆಯ ದಿನ ಭಾನುವಾರ. ಸೂಸೈ ಮನೆಮಂದಿಯೊಂದಿಗೆ ಇಗರ್ಜಿಯೊಳಗೆ ಇದ್ದ, ಕಾರು ಹೊರಗೆ ಮರದ ಕೆಳಗಿತ್ತು. ಮಯಿಲ್‌ಸಾಮಿ ಎದುರಿನ ಟೀ ಅಂಗಡಿಯಲ್ಲಿ ಬಿಸಿ ಉದ್ದಿನ ವಡೆ ತಿನ್ನುತ್ತಿದ್ದ. ಎರಡನೆಯ ವಡೆ ಅರ್ಧಕ್ಕೆ ಬಂದಾಗ ಅವನಿಗೆ ಆ ಯೋಚನೆ ಬಂತು. ನಮ್ಮ ಸ್ಟ್ಯಾಂಡಿನಲ್ಲಿ ಯಾರೂ ಕಾರಿಗೆ ಬೀಗ ಹಾಕುವುದಿಲ್ಲ. ಒಳಗೆ ಹಾಡು ಜೋರಾದ ಹೊತ್ತು ನೋಡಿ ಅವನು ರಸ್ತೆ ದಾಟಿ, ಬಾನೆಟ್ ಎತ್ತಿ, ಬಲಗಡೆಯ ದೀಪದ ಹಿಂದೆ ಕೈ ಹಾಕಿದ. ವೈರು ಕಳಚಿದ, ರಬ್ಬರ್ ಟೋಪಿ ತೆಗೆದ, ಕ್ಲಿಪ್ಪು ಸರಿಸಿ ಬಲ್ಬನ್ನೇ ಹೊರಗೆಳೆದ. ಗಾಜನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ಅದರ ಬುಡದಲ್ಲಿ ಕೊರೆದ ಅಂಕಿ ಓದಿದ. ಅರವತ್ತು, ಐವತ್ತೈದು ವ್ಯಾಟ್. ತನ್ನ ಕಾರಿನಲ್ಲಿ ಇರುವುದೂ ಅದೇ.

ಬುದ್ಧಿ ಇದ್ದವನಾದರೆ ಅಲ್ಲಿಗೆ ಭಾಯ್ ಹೇಳಿದ್ದು ನಿಜ ಎಂದುಕೊಳ್ಳಬೇಕಿತ್ತು. ಮಯಿಲ್‌ಸಾಮಿಗೆ ಹೊಳೆದದ್ದೇ ಬೇರೆ. ಒಳ್ಳೆ ಬಲ್ಬನ್ನು ಮನೆಯಲ್ಲಿಟ್ಟು, ಭಾನುವಾರಕ್ಕೆಂದು ಹಳೆಯದನ್ನು ಹಾಕಿಕೊಂಡು ಬಂದಿದ್ದಾನೆ ಕಳ್ಳ! ಪ್ರಾರ್ಥನೆಗೆ ಬರುವಾಗಲೂ ಮೋಸ. ಹೀಗೆ ಬೈದುಕೊಂಡು ಬಲ್ಬನ್ನು ಇದ್ದಲ್ಲೇ ಕೂರಿಸಿ, ವೈರು ಸಿಕ್ಕಿಸಿ, ಬಾನೆಟ್ ಮುಚ್ಚಿ ಬಂದು ಉಳಿದ ವಡೆ ತಿಂದ.

ಸೋಮವಾರ ಅವನಿಗೆ ಪೊಳ್ಳಾಚಿಗೆ ಬಾಡಿಗೆ ಸಿಕ್ಕಿತು. ಅಲ್ಲಿ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಕಾರಿನ ಶೃಂಗಾರದ ಸಾಮಾನು ಮಾರುತ್ತಿದ್ದವನನ್ನು, ಎಲ್ಲಕ್ಕಿಂತ ಜೋರಾದ ದೀಪ ಯಾವುದು ಎಂದು ಕೇಳಿದ. ಆಸಾಮಿ ಕಣ್ಣು ಮಿಟುಕಿಸಿ ನೀಲಿ ಬಣ್ಣ ಮಿಶ್ರಿತ ಬಿಳಿ ಬೆಳಕಿನ ಎಲ್‌ಇಡಿ ಬಲ್ಬಿನ ಜೋಡಿ ಕೊಟ್ಟ. ಡಬ್ಬಿಯ ಮೇಲೆ ಮಿಂಚಿನ ಚಿತ್ರವಿತ್ತು, ಕಂಪನಿಯ ಹೆಸರು ಇರಲಿಲ್ಲ. "ಹಾಕ್ಕೊಳ್ಳಿ ಅಣ್ಣಾ, ನಿಮ್ಮೂರಲ್ಲಿ ಸೂರ್ಯ ಹುಟ್ತಾನೆ" ಎಂದ. ಮಯಿಲ್‌ಸಾಮಿ ಅಲ್ಲೇ ಹಾಕಿಸಿಕೊಂಡ.

ಮನೆಗೆ ಬಂದು ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ ದೀಪ ಹಾಕಿದ. ಗೋಡೆ ಸುಣ್ಣ ಹೊಡೆದಂತೆ ಬೆಳ್ಳಗಾಯಿತು. ಪೊನ್ನುತ್ತಾಯಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಆಚೆಮನೆಯವರು ಇಣುಕಿ ನೋಡಿದರು. ಮೂರು ದಿನದಿಂದ ಸುಡುತ್ತಿದ್ದ ಹೊಟ್ಟೆ ಆಗ ಸ್ವಲ್ಪ ತಣ್ಣಗಾಯಿತು.

"ಅಲ್ಲ, ಇದು ಎದುರಿಗೆ ಬರೋರಿಗೆ ಚುಚ್ಚಲ್ವಾ?" ಎಂದಳು ಪೊನ್ನುತ್ತಾಯಿ.

"ಚುಚ್ಚಲಿ. ಸೂಸೈಗೆ ಮೊದ್ಲು ಚುಚ್ಚಲಿ."

ಮಂಗಳವಾರ ಬೆಳಗಿನ ಐದಕ್ಕೆ ಸೂಸೈ ಕಾರು ಟೀಚರನ್ನು ಹತ್ತಿಸಿಕೊಂಡು ಕೆಳಗಿಳಿಯುವುದನ್ನು ಮಯಿಲ್‌ಸಾಮಿ ಕಿಟಕಿಯಲ್ಲಿ ನಿಂತು ನೋಡಿದ. ತನ್ನ ಸೀಟಿನಲ್ಲಿ ಕೂರಬೇಕಾದವರು. ಇಡೀ ದಿನ ಅವನಿಗೆ ಅನ್ನ ರುಚಿಸಲಿಲ್ಲ. ಸಂಜೆ ಐದೂವರೆಗೆ ಬಾಡಿಗೆ ಇಲ್ಲ, ಏನಿಲ್ಲ, ಸುಮ್ಮನೆ ಗಾಡಿ ತೆಗೆದು ಘಾಟಿ ಇಳಿಯತೊಡಗಿದ. ಟೀಚರು ಮೇಲೆ ಬರುವ ಹೊತ್ತಿಗೆ ಎದುರಿನಿಂದ ಹೋಗಬೇಕು. ಅವರು ಈ ಬೆಳಕು ನೋಡಬೇಕು. ಯಾರ ಗಾಡಿ ಎಂದು ಕೇಳಬೇಕು. ಸೂಸೈಯೇ ಬಾಯಿಬಿಟ್ಟು ಮಯಿಲ್‌ಸಾಮಿ ಅಣ್ಣನದು ಎನ್ನಬೇಕು. ಇದು ಅವನ ಲೆಕ್ಕಾಚಾರ.

ಕವರ್‌ಕಲ್ ತಲುಪುವಾಗ ಆರು ಗಂಟೆ. ಮಂಜು ಗಟ್ಟಿಯಾಗಿ ಕೂತಿತ್ತು. ಗೋಡೆಯ ಮೇಲೆ ಅಷ್ಟು ಮೆರೆದ ಬೆಳಕು ಮಂಜಿಗೆ ಬಡಿದು ವಾಪಸ್ ಅವನ ಕಣ್ಣಿಗೇ ಬಂತು. ಎದುರಿಗೆ ಹಾಲಿನ ಪರದೆ ಕಟ್ಟಿದಂತಾಯಿತು. ಬ್ರೈಟ್ ಹಾಕಿದ, ಪರದೆ ಇನ್ನೂ ದಪ್ಪವಾಯಿತು. ಡಿಮ್ ಮಾಡಿದ, ಹೆಚ್ಚು ವ್ಯತ್ಯಾಸವಾಗಲಿಲ್ಲ. ಅಂಚಿನ ಬಿಳಿ ಗೆರೆ ಎಲ್ಲಿದೆಯೋ ದೇವರೇ ಬಲ್ಲ. ಎಡಗಡೆ ಕಣಿವೆ. ಭಯಕ್ಕೆ ಅವನು ಗಾಡಿಯನ್ನು ರಸ್ತೆಯ ನಡುವಿಗೆ ಎಳೆದುಕೊಂಡ.

ಆಗ ಎದುರಿನಿಂದ ಒಂದು ದೀಪ ಬಂತು. ಒಂದೇ ಒಂದು. ಗುಡ್ಡದ ಪಕ್ಕದಲ್ಲಿ ಮೇಲೆ ಬರುತ್ತಿತ್ತು.

ಬೈಕು, ಎಂದುಕೊಂಡ ಮಯಿಲ್‌ಸಾಮಿ. ಘಾಟಿಯಲ್ಲಿ ಇಳಿಯುವವನು ನಿಂತು ಹತ್ತುವವನಿಗೆ ದಾರಿ ಬಿಡಬೇಕು. ಬೈಕಿಗೆ ಎಷ್ಟು ಜಾಗ ಬೇಕು ಎಂದು ಅವನು ನಿಲ್ಲಿಸಲಿಲ್ಲ. ತೀರಾ ಹತ್ತಿರ ಬಂದಾಗ ಆ ದೀಪದ ಪಕ್ಕದ ಕತ್ತಲೆಯಿಂದ ಒಂದು ಇಡೀ ಕಾರು ಎದ್ದು ಬಂತು. ಇವನು ಎಡಕ್ಕೆ ತಿರುಗಿಸಿ ಬ್ರೇಕ್ ತುಳಿದ. ಆ ಕಾರು ಗುಡ್ಡದ ಕಡೆಗೆ ಹಾರಿ, ಚರಂಡಿಗೆ ಒಂದು ಚಕ್ರ ಇಳಿಸಿ ವಾಲಿಕೊಂಡು ನಿಂತಿತು. ಎರಡು ಗಾಡಿಗಳ ನಡುವೆ ಒಂದು ಮೊಳ ಜಾಗವಿತ್ತೋ ಇಲ್ಲವೋ.

ಮಯಿಲ್‌ಸಾಮಿ ಇಳಿದು ಓಡಿದ. ಸೂಸೈ ಕಾರು. ಸೂಸೈ ಕಣ್ಣುಜ್ಜಿಕೊಳ್ಳುತ್ತ ಬಾಗಿಲು ತಳ್ಳುತ್ತಿದ್ದ, ಅವನಿಗೆ ಇನ್ನೂ ಏನೂ ಕಾಣುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಟೀಚರು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಸೂಜಿ ಚುಚ್ಚಿದ ಕೈಯ ಪಟ್ಟಿ ಒದ್ದೆಯಾಗಿ ರಕ್ತ ಮೊಣಕೈಗೆ ಇಳಿದಿತ್ತು.

"ಯಾರಪ್ಪ ಅದು?" ಎಂದರು.

"ನಾನು ಟೀಚರ್. ಮಯಿಲ್‌ಸಾಮಿ."

"ನಿನ್ನ ಮುಖ ಕಾಣ್ತಾ ಇಲ್ಲ. ಮೊದ್ಲು ಆ ದೀಪ ಆರಿಸು."

ಅವನು ಹೋಗಿ ಆರಿಸಿದ. ವಾಪಸ್ ಬಂದು ತನ್ನ ಹೆಗಲ ಟವಲನ್ನು ಮಡಚಿ, ಟೀಚರು ಹೇಳಿಕೊಟ್ಟಂತೆ ಆ ಜಾಗವನ್ನು ಒತ್ತಿ ಹಿಡಿದು ನಿಂತ. ಕಾಲು ಗಂಟೆ ಹಾಗೇ ನಿಂತಿದ್ದ. ರಕ್ತ ನಿಂತಿತು. ಅಷ್ಟು ಹೊತ್ತೂ ಅವನ ಕಣ್ಣು ಸೂಸೈ ಕಾರಿನ ಮುಂದುಗಡೆಯೇ ಇತ್ತು. ಎಡಗಡೆಯ ದೀಪ ಉರಿಯುತ್ತಿತ್ತು. ಬಲಗಡೆಯದು ಸತ್ತಿತ್ತು.

"ಘಾಟಿ ಬುಡದ ಆಳಿಯಾರ್ ದಾಟಿದ ಮೇಲೆ ಪಟ್ ಅಂತು ಅಣ್ಣಾ," ಎಂದ ಸೂಸೈ. "ಹಾಕಿಸಿ ಎರಡೇ ತಿಂಗಳು. ಟೀಚರ್‌ಗೆ ಸುಸ್ತಾಗಿತ್ತು, ಒಂದೇ ದೀಪದಲ್ಲಿ ಮೆಲ್ಲಗೆ ಬಂದ್ಬಿಡೋಣ ಅಂದ್ಕೊಂಡೆ."

ಹಿಂದಿನಿಂದ ಬಂದ ಎಸ್ಟೇಟ್ ಲಾರಿಯವರು ಇಳಿದು ಕಾರನ್ನು ಎತ್ತಿ ರಸ್ತೆಗಿಟ್ಟರು. ಲಾರಿ ಮುಂದೆ, ಇವರಿಬ್ಬರು ಹಿಂದೆ, ಎತ್ತಿನಗಾಡಿಯ ವೇಗದಲ್ಲಿ ಊರು ಸೇರಿದರು. ಆ ರಾತ್ರಿ ಪೊನ್ನುತ್ತಾಯಿ ಏನಾಯಿತು ಎಂದು ಎಷ್ಟು ಕೇಳಿದರೂ ಅವನು ಗೋಡೆಗೆ ಮುಖ ಮಾಡಿ ಮಲಗಿದ.

ಬುಧವಾರ ಬೆಳಿಗ್ಗೆ ಇಬ್ಬರ ಕಾರೂ ಕಾಜಾ ಭಾಯ್ ಅಂಗಡಿ ಮುಂದೆ ನಿಂತವು. ಗಂಡನ ಮುಖ ನೋಡಿ ಸಂಶಯ ಬಂದು ಪೊನ್ನುತ್ತಾಯಿಯೂ ಹಿಂದೆಯೇ ಬಂದಿದ್ದಳು. ಭಾಯ್ ಸೂಸೈ ಕಾರಿನಿಂದ ಸತ್ತ ಬಲ್ಬನ್ನು ತೆಗೆದು ನೋಡಿದರು. ಗಾಜು ಒಂದು ಕಡೆ ಬೆಳ್ಳಗಾಗಿ, ಬೊಬ್ಬೆ ಎದ್ದಂತೆ ಉಬ್ಬಿ ಸೀಳಿತ್ತು.

ಸೂಸೈ ಮೆಲ್ಲಗೆ, ಆದರೆ ನೋವಿನಿಂದಲೇ, ನೀವು ಹಾಕಿದ ಬಲ್ಬು ಭಾಯ್, ಟೀಚರನ್ನ ಕೂರಿಸ್ಕೊಂಡಿದ್ದೆ, ಎರಡು ತಿಂಗಳಿಗೇ ಹೀಗಾದ್ರೆ ಯಾರನ್ನ ನಂಬೋದು ಎಂದ. ಭಾಯ್ ಮುಖ ಸಣ್ಣದಾಯಿತು. ಮೂವತ್ತು ವರ್ಷ ಆ ಅಂಗಡಿಯಲ್ಲಿ ಕೂತವರು. ತಾನು ಯಾವತ್ತೂ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಿದವನಲ್ಲ, ಬುಡ ಹಿಡಿದು, ಇಲ್ಲವೇ ಕಾಗದ ಸುತ್ತಿ ಕೂರಿಸುತ್ತೇನೆ ಎಂದರು. ಈ ಹ್ಯಾಲೋಜನ್ ಬಲ್ಬಿನ ಗಾಜು ಕೆಂಡದ ಹಾಗೆ ಕಾಯುತ್ತದಂತೆ. ಬೆರಳಿನ ಎಣ್ಣೆ ಜಿಡ್ಡು ಅದಕ್ಕೆ ಅಂಟಿದರೆ ಆ ಜಾಗ ಮಾತ್ರ ಮಿತಿಮೀರಿ ಕಾದು ಹೀಗೆ ಉಬ್ಬಿ ಒಡೆಯುತ್ತದಂತೆ.

"ಇದನ್ನ ಯಾರೋ ಎಣ್ಣೆ ಕೈಲಿ ಹಿಡಿದಿದ್ದಾರೆ ಸೂಸೈ. ನಾನಲ್ಲ. ಅಲ್ಲಾಹನ ಆಣೆ ನಾನಲ್ಲ," ಎಂದರು ಭಾಯ್. ಸೂಸೈ ನಂಬಿದಂತೆ ಕಾಣಲಿಲ್ಲ.

ಮಯಿಲ್‌ಸಾಮಿ ಅಲ್ಲಿಂದ ಎದ್ದು ಹೋಗಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೂಸೈ ಇನ್ನೊಂದು ಅಂಗಡಿ ಹುಡುಕಿಕೊಳ್ಳುತ್ತಿದ್ದ, ಭಾಯ್ ಮೂವತ್ತು ವರ್ಷದ ಹೆಸರು ಕಳೆದುಕೊಳ್ಳುತ್ತಿದ್ದರು. ಅವನಿಗೆ ಒದ್ದೆ ಪಟ್ಟಿಯ ಆ ಕೈ ನೆನಪಾಯಿತು. ಮೂರನೇ ಕ್ಲಾಸಿನಲ್ಲಿ ತನ್ನ ಕೈ ಹಿಡಿದು ಬರೆಸಿದ ಕೈ ಅದೇ.

"ಭಾನುವಾರ ನಾನು ತೆಗೆದೆ," ಎಂದ. "ನೀನು ಇಗರ್ಜಿ ಒಳಗಿದ್ದೆ. ಅದೇನು ಬಲ್ಬು ಹಾಕಿದ್ದೀಯ ನೋಡೋಣ ಅಂತ. ವಡೆ ತಿಂದ ಕೈ."

ಪೊನ್ನುತ್ತಾಯಿ ನೆಲ ನೋಡಿದಳು.

"ನನ್ನನ್ನ ಕೇಳಿದ್ರೆ ನಾನೇ ತೆಗೆದು ತೋರಿಸ್ತಿದ್ನಲ್ಲ ಅಣ್ಣಾ," ಎಂದ ಸೂಸೈ.

"ಕೇಳೋಕೆ ಹೊಟ್ಟೆ ಉರೀತಾ ಇತ್ತು ಕಣಯ್ಯ."

ಸೂಸೈ ಕೈ ಎತ್ತಿದ್ದರೆ ಮಯಿಲ್‌ಸಾಮಿ ತಡೆಯುತ್ತಿರಲಿಲ್ಲ. ಸೂಸೈ ಹೊರಗೆ ಹೋಗಿ ರಸ್ತೆ ನೋಡುತ್ತ ಸ್ವಲ್ಪ ಹೊತ್ತು ನಿಂತ. ವಾಪಸ್ ಬಂದು, ಎರಡು ಬಲ್ಬೂ ಹೊಸದು ಹಾಕಿ ಭಾಯ್, ಒಂದು ಹಳೆಯದು ಒಂದು ಹೊಸದು ಬೇಡ, ಅಣ್ಣ ಕೊಡಿಸ್ತಾರೆ ಎಂದ. ನಗಲಿಲ್ಲ. ಆದರೆ ಅಣ್ಣ ಎನ್ನುವುದನ್ನು ಬಿಟ್ಟಿರಲಿಲ್ಲ.

ಆಮೇಲೆ ಭಾಯ್ ಮಯಿಲ್‌ಸಾಮಿಯ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ದೀಪದ ಮುಂದಿನ ಗಾಜಿನ ಮೇಲೆ ಉಗುರು ಎಳೆದರು. ಹಳೇ ಅಲ್ಯೂಮಿನಿಯಂ ಪಾತ್ರೆಯ ತಳದಂತೆ ಗೀರು ಗೀರು. ಇದನ್ನು ಯಾವುದರಲ್ಲಿ ತೊಳೆಯುತ್ತೀರಿ ಎಂದು ಕೇಳಿದರು. ಪೊನ್ನುತ್ತಾಯಿ ಹೆಮ್ಮೆಯಿಂದಲೇ ಹೇಳಿದಳು. ಹುಣಸೆಹುಳಿ, ಬೂದಿ, ಪ್ರತಿ ಶುಕ್ರವಾರ.

"ಇದು ಗಾಜಲ್ಲ ತಾಯಿ. ಗಾಜು ಅಂತ ನಾವು ಕರೆಯೋದು ಅಷ್ಟೆ. ಪ್ಲಾಸ್ಟಿಕ್. ಹನ್ನೊಂದು ವರ್ಷ ಬೂದೀಲಿ ತಿಕ್ಕಿದ್ರೆ ಒಳಗಿನ ಬೆಳಕು ಹೊರಗೆ ಬರೋದು ಹೇಗೆ? ಬಂದದ್ದೂ ಗೀರಿಗೆ ಸಿಕ್ಕಿ ಚೆದುರುತ್ತೆ."

ಪೊನ್ನುತ್ತಾಯಿಯ ಕಣ್ಣು ತುಂಬಿತು. "ಮನೆ ದೀಪಕ್ಕೆ ಮಾಡಿದ್ದನ್ನೇ ಇದಕ್ಕೂ ಮಾಡಿದೆ ಅಣ್ಣಾ. ನಮಗೆ ಅನ್ನ ಹಾಕೋ ದೀಪ ಇದೇ ಅಲ್ವಾ?"

"ನಿನ್ನ ಭಕ್ತೀಲಿ ತಪ್ಪಿಲ್ಲಮ್ಮ. ತಪ್ಪು ಬೂದೀದು. ಇನ್ಮೇಲೆ ಮೆತ್ತನೆ ಬಟ್ಟೆ, ಸೋಪಿನ ನೀರು ಸಾಕು. ಗಂಧ ಬಾನೆಟ್ ಮೇಲಿಡು, ದೇವರು ಅಲ್ಲೂ ಇರ್ತಾನೆ."

ಭಾಯ್ ಕೆಲಸಕ್ಕೆ ಕೂತರು. ಮೊದಲು ನೀರು ಹಾಕಿ ನಯವಾದ ಉಪ್ಪುಕಾಗದದಲ್ಲಿ ಆ ಪ್ಲಾಸ್ಟಿಕ್ಕನ್ನು ಉಜ್ಜಿದರು. ಆಮೇಲೆ ಇನ್ನೂ ನಯವಾದದ್ದು, ಆಮೇಲೆ ಪಾಲಿಶ್, ಕೊನೆಗೆ ಬಿಸಿಲು ತಡೆಯುವ ಒಂದು ಲೇಪ. ಒಂದು ಗಂಟೆಯಲ್ಲಿ ಎರಡು ದೀಪಗಳೂ ಪೊರೆ ತೆಗೆದ ಕಣ್ಣಿನಂತಾದವು. ದೀಪಕ್ಕೆ ಹೋಗುವ ಅರ್ತ್ ವೈರು ತುಕ್ಕು ಹಿಡಿದಿತ್ತು, ಅದನ್ನು ಕೆರೆದು ಬಿಗಿದರು. ಬ್ಯಾಟರಿಯಿಂದ ಹೊರಟ ಶಕ್ತಿಯಲ್ಲಿ ಅರ್ಧ ಅಲ್ಲೇ ಸೋರುತ್ತಿತ್ತಂತೆ. ಮಯಿಲ್‌ಸಾಮಿಗೆ ತಾನು ನೀರಿನ ಮಾತಾಡಿ ಗೇಲಿ ಮಾಡಿದ್ದು ನೆನಪಾಗಿ ಕಿವಿ ಬಿಸಿಯಾಯಿತು.

ಪೊಳ್ಳಾಚಿಯ ನೀಲಿ ಬಲ್ಬು ಕೈಗೆ ಬಂದಾಗ ಭಾಯ್ ಅದನ್ನು ಎಸೆಯಲಿಲ್ಲ, ಮೇಜಿನ ಮೇಲಿಟ್ಟು ಪಾಠ ಮಾಡಿದರು. ಈ ದೀಪದ ಒಳಗಿನ ಹೊಳೆಯುವ ಬಟ್ಟಲು ಹ್ಯಾಲೋಜನ್ ಬಲ್ಬಿನ ತಂತಿ ಎಲ್ಲಿ ಉರಿಯುತ್ತದೋ ಆ ಜಾಗಕ್ಕೆ ಸರಿಯಾಗಿ ಮಾಡಿದ್ದು. ಅದರೊಳಗೆ ಸಿಕ್ಕಿದ ಎಲ್‌ಇಡಿ ತುರುಕಿದರೆ ಬೆಳಕು ರಸ್ತೆಗೆ ಬೀಳದೆ ಎದುರಿನವನ ಕಣ್ಣಿಗೆ, ಆಕಾಶಕ್ಕೆ, ಎಲ್ಲೆಲ್ಲಿಗೋ ಹೋಗುತ್ತದೆ. ಪೊಲೀಸರು ದಂಡ ಹಾಕಿದರೆ ಅದೂ ನ್ಯಾಯವೇ. ಮಂಜಿನಲ್ಲಿ ಬೆಳ್ಳಗಿನ ಬೆಳಕಿಗಿಂತ ಸ್ವಲ್ಪ ಹಳದಿ ಬೆಳಕು ಕಣ್ಣಿಗೆ ಹಿತ.

"ಹಾಗಾದ್ರೆ ಹೆಚ್ಚು ಬೆಳಕು ಬೇಕು ಅಂದ್ರೆ ಏನೂ ಮಾಡೋ ಹಾಗಿಲ್ವಾ?" ಎಂದ ಮಯಿಲ್‌ಸಾಮಿ. ಸಂಶಯ ಅವನನ್ನು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

ಮಾಡಬಹುದು ಎಂದರು ಭಾಯ್. ಅದೇ ವ್ಯಾಟಿನಲ್ಲಿ, ಹೆಸರಿರುವ ಕಂಪನಿಯವರು, ರಸ್ತೆಯ ಮೇಲೆ ಹೆಚ್ಚು ಬೆಳಕು ಚೆಲ್ಲುವ ಹ್ಯಾಲೋಜನ್ ಬಲ್ಬು ಮಾಡುತ್ತಾರೆ. ಅದನ್ನು ಜೋಡಿಯಾಗಿಯೇ ಹಾಕಿಸಬೇಕು, ಮಾಮೂಲಿಯಷ್ಟು ದಿನ ಬಾಳಿಕೆ ಬರುವುದಿಲ್ಲ ಎಂದು ತಿಳಿದೇ ಹಾಕಿಸಬೇಕು. ಎಲ್‌ಇಡಿಯೇ ಬೇಕೆಂದರೆ ಬರೀ ಬಲ್ಬಲ್ಲ, ಎಲ್‌ಇಡಿಗಾಗಿಯೇ ಮಾಡಿದ, ನಿಮ್ಮ ಗಾಡಿಗೆ ಒಪ್ಪಿಗೆ ಇರುವ ಇಡೀ ದೀಪವನ್ನೇ ಬದಲಾಯಿಸಬೇಕು. ಹೆಚ್ಚು ವ್ಯಾಟಿನ ಬಲ್ಬು ಹಾಕಿದರೆ ವೈರು ಕಾದು ಕರಗುತ್ತದೆ, ಬಟ್ಟಲು ಸುಟ್ಟು ಕಪ್ಪಾಗುತ್ತದೆ. ಮಯಿಲ್‌ಸಾಮಿ ಮಾಮೂಲಿ ಹ್ಯಾಲೋಜನ್ ಬಲ್ಬಿನ ಜೋಡಿಯನ್ನೇ ಹಾಕಿಸಿಕೊಂಡ.

ಕೊನೆಯ ಕೆಲಸಕ್ಕೆ ಸೂಸೈಯೇ ಕೈಹಾಕಿದ. ಟ್ಯಾಂಕಿನಲ್ಲಿ ಎಣ್ಣೆ, ಚಕ್ರಗಳಲ್ಲಿ ಸರಿಯಾದ ಗಾಳಿ ನೋಡಿಕೊಂಡು, ಕಾರನ್ನು ಮಟ್ಟಸ ನೆಲದಲ್ಲಿ ಗೋಡೆಯಿಂದ ಇಪ್ಪತ್ತೈದು ಅಡಿ ದೂರ ನಿಲ್ಲಿಸಿದ. ದೀಪದ ನಡುಮಟ್ಟ ಎಷ್ಟು ಎತ್ತರವೋ ಅಷ್ಟು ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಡಿಮ್ ಹಾಕಿದರೆ ಬೆಳಕಿನ ಮೇಲಂಚು ಆ ಗೆರೆಗಿಂತ ಮೂರು ಬೆರಳು ಕೆಳಗಿರಬೇಕು. ಮಯಿಲ್‌ಸಾಮಿಯದು ಒಂದು ಗೇಣು ಮೇಲಿತ್ತು. ಸೂಸೈ ಸ್ಕ್ರೂಡ್ರೈವರಿನಲ್ಲಿ ತಿರುಗಿಸುತ್ತ ಹೋದ, ಮಯಿಲ್‌ಸಾಮಿ ಗೋಡೆಯ ಹತ್ತಿರ ನಿಂತು ಸಾಕು, ಇನ್ನೂ ಸ್ವಲ್ಪ, ಸಾಕು ಎನ್ನುತ್ತ ಹೋದ. ಯಾರ ಮೇಲೆ ನಾಲ್ಕು ವರ್ಷ ಕರುಬಿದ್ದನೋ ಅವನೇ ಮಂಡಿಯೂರಿ ತನ್ನ ದೀಪ ಸರಿ ಮಾಡುತ್ತಿದ್ದ. ಮಯಿಲ್‌ಸಾಮಿಗೆ ಬಲ್ಬಿನ ದುಡ್ಡಿಗಿಂತ ಅದೇ ದೊಡ್ಡ ದಂಡವಾಯಿತು.

ಅಲ್ಲಿಂದ ಅವನು ನೇರ ಟೀಚರ ಮನೆಗೆ ಹೋದ. ಭಾನುವಾರದಿಂದ ಬುಧವಾರದವರೆಗಿನ ಕಥೆಯನ್ನೆಲ್ಲ ಹೇಳಿ ತಲೆ ತಗ್ಗಿಸಿ ನಿಂತ. ಟೀಚರು ಅವನ ಕೈಯ ಗೆಣ್ಣುಗಳನ್ನು ನೋಡಿದರು.

"ರೂಲುದೊಣ್ಣೆ ಈಗ ನನ್ನ ಹತ್ರ ಇಲ್ಲ," ಎಂದರು. "ಮಂಗಳವಾರ ಸೂಸೈ ಬರಲಿ. ಶುಕ್ರವಾರ ನೀನು ಬಾ. ಮತ್ತೆ ಗೆರೆ ತಪ್ಪಿದ್ರೆ ಎರಡೂ ದಿನ ಅವನೇ."

ಶುಕ್ರವಾರ ಬೆಳಗಿನ ಜಾವ ಪೊನ್ನುತ್ತಾಯಿ ಹಿತ್ತಾಳೆ ದೀಪ ತಿಕ್ಕಿದ ಕೈಯನ್ನು ಚೆನ್ನಾಗಿ ತೊಳೆದುಕೊಂಡು ಬಂದು, ಕಾರಿನ ದೀಪಗಳನ್ನು ಮೆತ್ತನೆ ಬಟ್ಟೆಯಲ್ಲಿ ಮಗುವಿನ ಮುಖ ಒರೆಸುವಂತೆ ಒರೆಸಿದಳು. ಗಂಧದ ಬೊಟ್ಟು ಬಾನೆಟ್ ಮೇಲೆ ಹೋಯಿತು. ಸಂಜೆ ವಾಪಸ್ ಬರುವಾಗ ಕವರ್‌ಕಲ್‌ನಲ್ಲಿ ಮಂಜು ಮಾಮೂಲಿನಂತೆ ಕಾದು ಕೂತಿತ್ತು. ಮಯಿಲ್‌ಸಾಮಿ ಡಿಮ್ ಹಾಕಿಕೊಂಡು ಮೆಲ್ಲಗೆ ಹತ್ತಿದ. ಬಿಳಿ ಗೆರೆ ಕಂಡಿತು, ತಿರುವಿನಲ್ಲಿ ಬಾಗಿತು, ಮತ್ತೆ ಕಂಡಿತು. ಹಿಂದಿನಿಂದ ಟೀಚರ ಮಾತೂ ಇಲ್ಲ, ಸದ್ದೂ ಇಲ್ಲ. ಕನ್ನಡಿಯಲ್ಲಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

ಎದುರಿನಿಂದ ಒಂದು ಕಾರು ಇಳಿದು ಬಂತು. ಎರಡು ದೀಪ, ಎರಡೂ ಒಂದೇ ಸಮ. ದೂರದಿಂದಲೇ ಡಿಮ್ ಮಾಡಿ, ನಿಂತು, ಇವನಿಗೆ ದಾರಿ ಬಿಟ್ಟಿತು. ಪಕ್ಕದಲ್ಲಿ ಹಾದು ಹೋಗುವಾಗ ಸೂಸೈ ಕೈ ಎತ್ತಿದ. ಮಯಿಲ್‌ಸಾಮಿಯೂ ಎತ್ತಿದ. ಯಾರದು ಹೆಚ್ಚು ಬೆಳಕು ಎಂದು ಒಂದು ಕ್ಷಣ ಮನಸ್ಸು ತೂಗಿ ನೋಡಿದ್ದು ಸುಳ್ಳಲ್ಲ. ಅಭ್ಯಾಸ ಒಂದೇ ವಾರದಲ್ಲಿ ಹೋಗುತ್ತದೆಯೇ? ಆಮೇಲೆ ಅವನು ಕನ್ನಡಿಯಲ್ಲಿ ನೋಡಿದ. ಟೀಚರು ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿದ್ದರು.

ಅಣ್ಣಂದಿರೇ, ಅಕ್ಕಂದಿರೇ, ಇದನ್ನು ಓದಿ ಮುಗಿಸಿದ ಮೇಲೆ ಒಮ್ಮೆ ಹೊರಗೆ ಹೋಗಿ ನಿಮ್ಮ ಗಾಡಿಯ ಮುಂದೆ ನಿಂತು ನೋಡಿ. ದೀಪದ ಮುಂದಿನ ಪ್ಲಾಸ್ಟಿಕ್ ಮಂಜುಗಟ್ಟಿದೆಯೇ? ಎರಡೂ ಉರಿಯುತ್ತಿವೆಯೇ? ಡಿಮ್ ಹಾಕಿದಾಗ ಬೆಳಕು ನೆಲಕ್ಕೆ ಬೀಳುತ್ತಿದೆಯೇ, ನಿಮ್ಮ ಕಣ್ಣಿಗೆ ಬೀಳುತ್ತಿದೆಯೇ? ಹೊಸ ಬಲ್ಬು ಕೊಳ್ಳುವ ಮುಂಚೆ ಇಷ್ಟು ನೋಡಿ. ಕೊಳ್ಳಲೇಬೇಕಾದರೆ ಕಂಪನಿ ಹೇಳಿದ ವ್ಯಾಟಿನದೇ, ಜೋಡಿಯಾಗಿ ಕೊಳ್ಳಿ. ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪಕ್ಕದವನ ದೀಪ ಹೆಚ್ಚು ಬೆಳಗುತ್ತಿದ್ದರೆ ಹೋಗಿ ಅವನನ್ನೇ ಕೇಳಿ, ಹೇಳುತ್ತಾನೆ. ಎದುರಿಗೆ ಬರುತ್ತಿರುವ ಆ ಗಾಡಿಯ ಹಿಂದಿನ ಸೀಟಿನಲ್ಲಿ ನಿಮಗೆ ಅಕ್ಷರ ಕಲಿಸಿದವರೇ ಕೂತಿರಬಹುದು.